ಗಲ್ಲಾಪೆಟ್ಟಿಗೆಯಿಂದ ಗಣಕಯಂತ್ರಕ್ಕೆ

ಬಣ್ಣಾರಿಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬಂದರೆ ತಾಳವಾಡಿ ಸೀಮೆ. ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ, ಮನೆಮಾತು ಹೆಚ್ಚಾಗಿ ಕನ್ನಡ. ಇಂಥ ಕಡೆಯ ಅಂಗಡಿಮನೆಯ ಮಗನೋ ಮಗಳೋ "ನಾನು ಪ್ರೋಗ್ರಾಮಿಂಗ್ ಕಲಿಯುತ್ತೇನೆ" ಎಂದರೆ ಹಿರಿಯರು ಮೊದಲು ಕೇಳುವುದು, "ಯಾವ ಊರಿಗೆ ಕಳಿಸಬೇಕು? ಫೀಸು ಎಷ್ಟು?" ಎಂದು. ಕೇಳುವುದು ಸಹಜವೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಮಾತೊಂದಿದೆ: "ದಿನಕ್ಕೆ ಎಷ್ಟು ಲೆಕ್ಕ ಬಿಡಿಸುತ್ತೀಯ?"

ನಾವು ಯಾರೂ ವ್ಯಾಪಾರವನ್ನು ಪುಸ್ತಕ ಓದಿ ಕಲಿತವರಲ್ಲ. ಅಂಗಡಿಯಲ್ಲಿ ಕೂತು, ಚಿಲ್ಲರೆ ಕೊಟ್ಟು, ರಾತ್ರಿ ಲೆಕ್ಕ ತಾಳೆಯಾಗದೆ ಮತ್ತೆ ಕೂಡಿ ಕಲಿತವರು. ಪ್ರೋಗ್ರಾಮಿಂಗ್ ಕೂಡ ಹಾಗೆಯೇ.

ಒಂದು ಉದಾಹರಣೆ ನೋಡಿ. ಗಿರಾಕಿಗೆ 87 ರೂಪಾಯಿ ಹಿಂದಕ್ಕೆ ಕೊಡಬೇಕು. ನೋಟು, ನಾಣ್ಯಗಳ ಸಂಖ್ಯೆ ಆದಷ್ಟು ಕಡಿಮೆ ಇರಬೇಕು. ನಮ್ಮ ಕೈ ತಾನಾಗಿ 50, 20, 10, 5, 2 ಎಂದು ಐದನ್ನು ಎಣಿಸುತ್ತದೆ. ದೊಡ್ಡದನ್ನು ಮೊದಲು ತೆಗೆ, ಉಳಿದದ್ದಕ್ಕೆ ಅದರ ಮುಂದಿನದನ್ನು ತೆಗೆ. ಇದನ್ನೇ ಕಂಪ್ಯೂಟರಿಗೆ ಹೇಳಿಕೊಡುವುದು ಕಲಿಯುವವರಿಗೆ ಒಳ್ಳೆಯ ಅಭ್ಯಾಸ.

ಈಗ ಪೆಟ್ಟಿಗೆಯಲ್ಲಿ 50 ಮತ್ತು 20ರ ನೋಟುಗಳು, 2 ರೂಪಾಯಿ ನಾಣ್ಯಗಳು ಮಾತ್ರ ಇವೆ ಎನ್ನಿ. ಕೊಡಬೇಕಾದ್ದು 60. ಅದೇ ಪ್ರೋಗ್ರಾಂ ಮೊದಲು 50 ತೆಗೆದು, ಆಮೇಲೆ 2ರ ಐದು ನಾಣ್ಯ ಎಣಿಸುತ್ತದೆ, ಒಟ್ಟು ಆರು. ಅನುಭವಿ ವ್ಯಾಪಾರಿ 20ರ ಮೂರು ನೋಟು ಕೊಟ್ಟು ಮುಗಿಸುತ್ತಾನೆ. ತಪ್ಪು ಕಂಪ್ಯೂಟರಿನದಲ್ಲ, ಹೇಳಿಕೊಟ್ಟವರದು. ಒಮ್ಮೆ ಸರಿಬಂದ ಉಪಾಯ ಯಾವಾಗಲೂ ಸರಿಯಾಗಿರಬೇಕಿಲ್ಲ ಎಂಬ ಈ ಅರಿವು ಲೆಕ್ಕವನ್ನು ಸ್ವತಃ ಬಿಡಿಸಿ, ಸೋತು, ತಿದ್ದಿಕೊಂಡವರಿಗೇ ಬರುತ್ತದೆ.

ಈ ದಾರಿ ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ಅಲ್ಲಿ ಸೂತ್ರ ಹೇಳಿದೊಡನೆ ಲೆಕ್ಕಗಳು ಬರುತ್ತವೆ: ಬಡ್ಡಿ, ಚಿನ್ನದ ಬೆರಕೆ, ಹಣ್ಣುಗಳ ಹಂಚಿಕೆ. ಸೂತ್ರ ಗುರುವಿನದು, ಲೆಕ್ಕ ಶಿಷ್ಯನದು. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ.

ಇಂದು ಇಂಥ ಅಭ್ಯಾಸದ ಲೆಕ್ಕಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. 2009ರಲ್ಲಿ ಭಾರತದಲ್ಲೇ ಆರಂಭವಾದ 'ಕೋಡ್‌ಷೆಫ್' ಅವುಗಳಲ್ಲಿ ಒಂದು. ಲೆಕ್ಕ ಬಿಡಿಸುವಾಗ ಈ ಕ್ರಮ ಒಳ್ಳೆಯದು:

ಮೊದಲು ಕಾಗದದ ಮೇಲೆ ಕೈಯಾರೆ ಮಾಡಿ ನೋಡಿ, ಆಮೇಲೆ ಕೀಲಿಮಣೆ ಮುಟ್ಟಿ.

ಅರ್ಧ ಗಂಟೆಯಾದರೂ ಒದ್ದಾಡದೆ ಉತ್ತರ ನೋಡಬೇಡಿ. ಈಗ ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುವ ಯಂತ್ರಗಳೂ ಇವೆ. ಅವುಗಳಿಂದ ಸುಳಿವು ಕೇಳಿ, ಉತ್ತರ ಬೇಡ.

ವಿಚಿತ್ರ ಸಂದರ್ಭಗಳನ್ನು ಪರೀಕ್ಷಿಸಿ: ಕೊಡಬೇಕಾದ್ದು ಸೊನ್ನೆಯಾದರೆ? ಪೆಟ್ಟಿಗೆಯೇ ಖಾಲಿಯಾದರೆ?

ಲೆಕ್ಕ ಸರಿಬಂದ ಮೇಲೆ ಬೇರೆಯವರು ಹೇಗೆ ಬಿಡಿಸಿದ್ದಾರೆಂದು ಓದಿ. ವಾರದ ನಂತರ ನೋಡದೆ ಮತ್ತೆ ಬರೆಯಿರಿ.

ಚಿಕ್ಕ ಲೆಕ್ಕಗಳಷ್ಟೇ ಸಾಲವು ಎಂಬುದೂ ನಿಜ. ತಕ್ಕಡಿ ಹಿಡಿಯಲು ಬಂದ ಮಾತ್ರಕ್ಕೆ ಅಂಗಡಿ ನಡೆಸಲು ಬಂದಂತಲ್ಲ. ಕೆಲವು ತಿಂಗಳ ಅಭ್ಯಾಸದ ಬಳಿಕ ನಿಮ್ಮ ಅಂಗಡಿಯ ಉದ್ದರಿ ಖಾತೆಗೇ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಮಕ್ಕಳಿಗೆ ಹೇಳಿ. ಯಾರಿಂದ ಎಷ್ಟು ಬರಬೇಕೆಂದು ಅದು ತೋರಿಸಲಿ. ಹಿರಿಯರು ಹಳೆಯ ಪುಸ್ತಕದೊಂದಿಗೆ ತಾಳೆ ನೋಡಿ ತಪ್ಪು ತೋರಿಸಲಿ. ಅವರಿಗಿಂತ ಒಳ್ಳೆಯ ಪರೀಕ್ಷಕರು ಬೇರೆಲ್ಲಿ ಸಿಗುತ್ತಾರೆ?

ಮುಂದೆ ಕೊಯಮತ್ತೂರಿಗೋ ಮೈಸೂರಿಗೋ ಕಳಿಸಬೇಕಾದರೆ ಸಂತೋಷವಾಗಿ ಕಳಿಸಿ. ಆದರೆ ಫೀಸು ಕಟ್ಟುವ ಮುನ್ನ ಮೂರು ತಿಂಗಳು ಮಗು ದಿನಕ್ಕೊಂದು ಲೆಕ್ಕ ತಪ್ಪದೆ ಬಿಡಿಸುತ್ತದೆಯೇ ನೋಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಅದಕ್ಕೆ ಸಾಕು. ಬಿಡಿಸಿದರೆ ನಿಮ್ಮ ಹಣಕ್ಕೆ ಮೋಸವಿಲ್ಲ. ಬಿಡಿಸದಿದ್ದರೆ ಆ ಸಂಗತಿ ಖರ್ಚಿಲ್ಲದೆ ತಿಳಿದಂತಾಯಿತು.