ನೆರಳಿನ ಗಣಿತ: ತ್ರಿಕೋನಮಿತಿಯ ಸುತ್ತಲಿನ ತಪ್ಪು ಕಲ್ಪನೆಗಳು

ಸಮರೂಪ ತ್ರಿಭುಜಗಳೇ ಬೇರೆ, ತ್ರಿಕೋನಮಿತಿಯೇ ಬೇರೆ ಎಂಬ ಭಾವನೆ ಪ್ರೌಢಶಾಲೆಯ ಮಕ್ಕಳಲ್ಲಿ ಆಳವಾಗಿ ಬೇರೂರಿದ್ದು, ಹತ್ತನೆಯ ತರಗತಿಯ ಪಠ್ಯದಲ್ಲಿ ಇವೆರಡೂ ಪ್ರತ್ಯೇಕ ಅಧ್ಯಾಯಗಳಾಗಿರುವುದು ಅದಕ್ಕೆ ಇಂಬು ಕೊಡುತ್ತದೆ. ವಾಸ್ತವವಾಗಿ ಎರಡನೆಯದು ಮೊದಲನೆಯದರ ಮುಂದುವರಿಕೆ. ಎರಡು ತ್ರಿಭುಜಗಳ ಕೋನಗಳು ಪರಸ್ಪರ ಸಮನಾಗಿದ್ದರೆ ಅವುಗಳ ಅನುರೂಪ ಬಾಹುಗಳು, ಅಂದರೆ ಸಮಕೋನಗಳಿಗೆ ಎದುರಾದ ಬಾಹುಗಳು, ಒಂದೇ ಅನುಪಾತದಲ್ಲಿರುತ್ತವೆ. ಇವೇ ಸಮರೂಪ ತ್ರಿಭುಜಗಳು. ಲಂಬಕೋನ ತ್ರಿಭುಜದಲ್ಲಿ ಒಂದು ಕೋನ 90 ಡಿಗ್ರಿಯೆಂದು ಮೊದಲೇ ನಿಶ್ಚಿತವಾಗಿರುವುದರಿಂದ ಇನ್ನೊಂದು ಕೋನ ತಿಳಿದೊಡನೆ ಬಾಹುಗಳ ಅನುಪಾತಗಳೂ ನಿರ್ಧಾರವಾಗುತ್ತವೆ. ಸೈನ್, ಕೊಸೈನ್, ಟ್ಯಾನ್ ಎಂಬುವು ಆ ಅನುಪಾತಗಳ ಹೆಸರುಗಳು.

ನವಲಗುಂದದ ಸಮತಟ್ಟಾದ ಎರೆ ಹೊಲದಲ್ಲಿ ನೆಟ್ಟಗೆ ನಿಲ್ಲಿಸಿದ 1 ಮೀಟರ್ ಕೋಲಿನ ನೆರಳು 80 ಸೆಂ.ಮೀ. ಇದ್ದು, ಅದೇ ಹೊತ್ತಿಗೆ ಬದುವಿನ ಬೇವಿನ ಮರದ ನೆರಳು 6.4 ಮೀಟರ್ ಇದ್ದರೆ, ಸೂರ್ಯನ ಕಿರಣಗಳು ಎರಡರ ಮೇಲೂ ಒಂದೇ ಓರೆಯಲ್ಲಿ ಬೀಳುವುದರಿಂದ ಮರದ ಎತ್ತರ 8 ಮೀಟರ್ ಎಂದು ಸಮರೂಪತೆ ಹೇಳುತ್ತದೆ. ಎರಡು ಕಡೆಯೂ ಎತ್ತರವನ್ನು ನೆರಳಿನಿಂದ ಭಾಗಿಸಿದರೆ 1.25 ಬರುತ್ತದೆ, ಇದೇ ಸುಮಾರು 51 ಡಿಗ್ರಿಯ ಉನ್ನತ ಕೋನದ ಟ್ಯಾನ್, ಅಂದರೆ ನೆಲದಿಂದ ಸೂರ್ಯನಿರುವ ಎತ್ತರದ ಕೋನದ ಟ್ಯಾನ್. ಕಲಘಟಗಿಯ ಇಳಿಜಾರು ನೆಲದಲ್ಲಿ ಈ ಅಳತೆಯನ್ನು ಎಚ್ಚರದಿಂದ ಮಾಡಬೇಕು, ಏಕೆಂದರೆ ಅಲ್ಲಿ ಮರವೂ ನೆರಳೂ ಲಂಬಕೋನದಲ್ಲಿ ಕೂಡಿರುವುದಿಲ್ಲ.

ಬಾಹುಗಳಿಗೆ ಒಂದೇ ಉದ್ದವನ್ನು ಕೂಡಿಸಿದರೂ ಆಕಾರ ಉಳಿಯುತ್ತದೆ ಎಂಬುದು ಇನ್ನೂ ಹಟಮಾರಿಯಾದ ತಪ್ಪು. 3, 4, 5 ಬಾಹುಗಳ ಲಂಬಕೋನ ತ್ರಿಭುಜದ ಪ್ರತಿ ಬಾಹುವಿಗೂ 2 ಸೇರಿಸಿದರೆ 5, 6, 7 ಆಗುತ್ತದೆ; 25 ಮತ್ತು 36 ಕೂಡಿದರೆ 61 ಆಗುವುದೇ ಹೊರತು 49 ಅಲ್ಲವಾದ್ದರಿಂದ ಲಂಬಕೋನವೇ ಅಳಿದುಹೋಗುತ್ತದೆ. ಸಮರೂಪತೆ ಉಳಿಯುವುದು ಗುಣಾಕಾರದಿಂದ, ಸಂಕಲನದಿಂದಲ್ಲ. ಅದೇ ರೀತಿ ಕೋನ ಇಮ್ಮಡಿಯಾದರೆ ಸೈನ್ ಇಮ್ಮಡಿಯಾಗದು: 30 ಡಿಗ್ರಿಗೆ 0.5, 60 ಡಿಗ್ರಿಗೆ ಸುಮಾರು 0.866.

ಈ ವಿದ್ಯೆ ಪೂರ್ತಿ ಹೊರಗಿನದೆಂಬ ಮಾತೂ ನಿಲ್ಲದು. ಸೈನ್ ಎಂಬ ಹೆಸರಿನ ಮೂಲ ಸಂಸ್ಕೃತದ ‘ಜ್ಯಾ’, ಅಂದರೆ ಬಿಲ್ಲಿನ ಹೆದೆ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ನೆರಳಿನ ಲೆಕ್ಕಕ್ಕೇ ಒಂದು ಅಧ್ಯಾಯವಿದೆ.

ನಡುಹಗಲಲ್ಲಿ ನೆರಳು ದಿನವೂ ಕಾಲಡಿಗೆ ಸೇರುತ್ತದೆ ಎಂಬ ನಂಬಿಕೆಯನ್ನು ಶಾಲೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಧಾರವಾಡ ಸೀಮೆಯಲ್ಲಿ ಅದು ಘಟಿಸುವುದು ವರ್ಷಕ್ಕೆ ಎರಡು ಸಲ ಮಾತ್ರ, ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ. ಹಗಲು ರಾತ್ರಿ ಸಮನಾಗುವ ಮಾರ್ಚ್ 21ರ ಆಸುಪಾಸಿನಲ್ಲಿ, ಗಡಿಯಾರ ಸುಮಾರು 12 ಗಂಟೆ 35 ನಿಮಿಷ ತೋರಿಸುವಾಗ, 15.4 ಡಿಗ್ರಿ ಉತ್ತರ ಅಕ್ಷಾಂಶದ ಅಣ್ಣಿಗೇರಿಯಲ್ಲಿ 1 ಮೀಟರ್ ಕೋಲಿನ ನೆರಳು ಸುಮಾರು 27.5 ಸೆಂ.ಮೀ. ಇರುತ್ತದೆ, ಮತ್ತು 15.4 ಡಿಗ್ರಿಯ ಟ್ಯಾನ್ ಬೆಲೆ 0.275.