ಒಂದು ಮಿಂಚು ಕಲಿಸಿದ ಪಾಠ

ಎದೆಯ ಮೇಲೆ ‘ಅಧಿಕೃತ ಛಾಯಾಗ್ರಾಹಕ’ ಎಂಬ ಗುರುತುಚೀಟಿ ತೂಗುತ್ತಿದ್ದರೆ ಎಲ್ಲ ಬಾಗಿಲುಗಳೂ ತಾವಾಗಿ ತೆರೆದುಕೊಳ್ಳುತ್ತವೆ. ಪ್ರೇಕ್ಷಕರಿಗೆ ನಿಷಿದ್ಧವಾದ ಅಂಕಣದ ಅಂಚಿನವರೆಗೂ ಪ್ರವೇಶ ದೊರೆಯುತ್ತದೆ. ಒಳಾಂಗಣ ಕ್ರೀಡಾಂಗಣದಲ್ಲಿ ಜರಗುವ ಶಟಲ್ ಬ್ಯಾಡ್ಮಿಂಟನ್ ಪಂದ್ಯಾವಳಿಗಳಲ್ಲಿ ಈ ಹೊಣೆಯನ್ನು ನಾವು ಹಲವು ವರ್ಷ ಹೊತ್ತಿದ್ದೇವೆ. ಆದರೆ ಆ ಚೀಟಿಯ ನಿಜವಾದ ಅರ್ಥ ನಮಗೆ ತಡವಾಗಿ, ಅದೂ ಒಬ್ಬ ಬಾಲಕಿಗಾದ ನಷ್ಟದ ಮೂಲಕ ತಿಳಿಯಿತು.

ಒಳಾಂಗಣದಲ್ಲಿ ಚಿತ್ರ ತೆಗೆಯುವವನಿಗೆ ಮೊದಲ ಎದುರಾಳಿ ಬೆಳಕೇ. ನಮ್ಮ ಕಣ್ಣಿಗೆ ಝಗಝಗಿಸುವ ಸಭಾಂಗಣದಲ್ಲೂ ಹೊರಗಿನ ಬಿಸಿಲಿನ ನೂರನೆಯ ಒಂದು ಪಾಲಿನಷ್ಟು ಬೆಳಕು ಇರುವುದಿಲ್ಲ. ಶಟಲ್ಲಾದರೋ ಮಿಂಚಿನಂತೆ ಹಾರುತ್ತದೆ. ಗಂಟೆಗೆ 300 ಕಿ.ಮೀ. ವೇಗದ ಹೊಡೆತದಲ್ಲಿ ಅದು ಸೆಕೆಂಡಿನ 500ನೆಯ ಒಂದು ಭಾಗದೊಳಗೆ ಸುಮಾರು 17 ಸೆಂಟಿಮೀಟರ್ ಸಾಗಿಬಿಡುತ್ತದೆ. ಅಂದು ನಮ್ಮ ಬಳಿ ಇದ್ದುದು 36 ಚಿತ್ರಗಳ ಫಿಲ್ಮ್ ಸುರುಳಿ. 400 ವೇಗದ ಫಿಲ್ಮನ್ನು 1600 ಎಂದು ಬಳಸಿ, ಹೆಚ್ಚು ಹೊತ್ತು ಸಂಸ್ಕರಿಸಿದರೂ ಚಿತ್ರ ಕಾಳುಕಾಳಾಗಿ ಮೂಡುತ್ತಿತ್ತು. ಆದುದರಿಂದ ಫ್ಲ್ಯಾಶ್ ಬಳಸುವ ಆಸೆ ಸದಾ ಕಾಡುತ್ತಿತ್ತು.

ಒಂದು ಸಂಜೆ ಬಾಲಕಿಯರ ಅಂತಿಮ ಪಂದ್ಯ ನಿರ್ಣಾಯಕ ಘಟ್ಟ ಮುಟ್ಟಿತ್ತು. ಮುಖಪುಟಕ್ಕೆ ಒಪ್ಪುವ ಒಂದು ಚಿತ್ರ ಬೇಕೆಂದು ಸಂಘಟಕರು ಬಯಸಿದ್ದರು. ಎದುರಾಳಿ ಬಲವಾಗಿ ಹೊಡೆದಳು. ಅದೇ ಕ್ಷಣ ನಮ್ಮ ಫ್ಲ್ಯಾಶ್ ಮಿಂಚಿತು. ಈಚೆ ನಿಂತಿದ್ದ ಬಾಲಕಿಯ ರಾಕೆಟ್ ಗಾಳಿಯನ್ನಷ್ಟೇ ಸೀಳಿತು. ಅಂಕ ಹೋಯಿತು, ತುಸು ಹೊತ್ತಿನಲ್ಲೇ ಪಂದ್ಯವೂ ಹೋಯಿತು. ಕ್ಷಮೆ ಕೇಳಲೆಂದು ಹೋದೆವು. ಆಕೆ ಬೆವರು ಒರೆಸಿಕೊಳ್ಳುತ್ತಾ, “ಪರವಾಗಿಲ್ಲ ಸಾರ್, ನೀವು ಬೇಕೆಂದು ಮಾಡಿದ್ದಲ್ಲವಲ್ಲ” ಎಂದಳು. ಬೈದಿದ್ದರೆ ನಮಗೆ ಹಗುರವೆನಿಸುತ್ತಿತ್ತು. ಚಿತ್ರವೇನೋ ಸೊಗಸಾಗಿ ಬಂದಿತ್ತು. ಅದನ್ನು ನಾವು ಯಾರಿಗೂ ಕೊಡಲಿಲ್ಲ.

ಕ್ಯಾಮೆರಾ ಮೂಕಸಾಕ್ಷಿ ಎಂಬುದು ನಮ್ಮ ಭ್ರಮೆ. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ವಿಶ್ವ ಚದುರಂಗ ಪಟ್ಟಕ್ಕಾಗಿ ಸ್ಪರ್ಧೆ ನಡೆದಾಗ ಅಮೆರಿಕದ ಬಾಬಿ ಫಿಷರ್ ಚಿತ್ರೀಕರಣದ ಕ್ಯಾಮೆರಾಗಳನ್ನು ಆಕ್ಷೇಪಿಸಿ ಎರಡನೆಯ ಆಟಕ್ಕೆ ಬರಲೇ ಇಲ್ಲ. ಆ ಆಟವನ್ನು ಕಳೆದುಕೊಂಡರು. ಮೂರನೆಯ ಆಟ ಪ್ರೇಕ್ಷಕರಿಂದ ದೂರದ ಒಳಕೋಣೆಯಲ್ಲಿ ನಡೆಯಬೇಕಾಯಿತು. ಹಲವರು ಅದನ್ನು ಹಟವೆಂದರು. ಆ ಸಂಜೆಯ ನಂತರ ನಾವು ಹಾಗೆನ್ನಲಾರೆವು.

ಇಂದು ಸಲಕರಣೆಗಳು ಸುಧಾರಿಸಿವೆ. ಡಿಜಿಟಲ್ ಕ್ಯಾಮೆರಾದ ಸಂವೇದನೆಯನ್ನು 3200ಕ್ಕೆ ಏರಿಸಿ, ಮಸೂರವನ್ನು ಅಗಲವಾಗಿ ತೆರೆದರೆ ಫ್ಲ್ಯಾಶಿನ ಹಂಗಿಲ್ಲ. ಆದರೂ ತೊಡಕುಗಳು ತಪ್ಪಿದ್ದಲ್ಲ. ನಮ್ಮ ವಿದ್ಯುತ್ತಿನಲ್ಲಿ ಹಲವು ಬಗೆಯ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಒಂದು ಚಿತ್ರ ಬೆಳಗಿದರೆ ಮುಂದಿನದು ಮಂಕಾಗಬಹುದು. ಅದಕ್ಕಾಗಿ ಒಂದು ಗಂಟೆ ಮುಂಚಿತವಾಗಿ ಹೋಗಿ, ಖಾಲಿ ಅಂಕಣದಲ್ಲಿ ಬೆಳಕನ್ನು ಪರೀಕ್ಷಿಸುವುದು ನಮ್ಮ ವಾಡಿಕೆಯಾಗಿದೆ. ಕಪ್ಪು ಉಡುಪು ತೊಟ್ಟು, ಆಟಗಾರರ ದೃಷ್ಟಿಗೆ ಅಡ್ಡಬಾರದ ಮೂಲೆಯನ್ನು ಆರಿಸಿ, ಆಟದ ನಡುವೆ ಅಲ್ಲಿಂದ ಕದಲದೆ ಕುಳಿತುಕೊಳ್ಳುತ್ತೇವೆ.

ಕಪ್ ಎತ್ತಿದವರ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ನೆಲದ ಬೆವರೊರೆಸುವ ಹುಡುಗ, ಅಂಕಪಟ್ಟಿ ಬರೆಯುವ ಟೀಚರು, ಸೋತವಳ ಹೆಗಲ ಮೇಲಿನ ತಾಯಿಯ ಕೈ, ಇವು ಅಧಿಕೃತ ಛಾಯಾಗ್ರಾಹಕನ ಪಾಲಿಗೆ ಬಿಟ್ಟವು. ತೆಗೆದ ಮೇಲೂ ಅವರ ಒಪ್ಪಿಗೆಯಿಲ್ಲದೆ ಅಳುವ ಮುಖವನ್ನು ನಾವು ಕೊಡುವುದಿಲ್ಲ.

ಗುರುತುಚೀಟಿ ನಮ್ಮನ್ನು ಜನರ ಹತ್ತಿರಕ್ಕೆ ಬಿಡುತ್ತದೆ. ಹತ್ತಿರ ಬಂದವನು ಹೆಚ್ಚು ಎಚ್ಚರದಿಂದಿರಬೇಕು. ಆ ಬಾಲಕಿ ಅಂದು ಕಳೆದುಕೊಂಡ ಅಂಕವನ್ನು ಹಿಂದಿರುಗಿಸುವ ಶಕ್ತಿ ನಮಗಿಲ್ಲ. ಇನ್ನೊಬ್ಬಳ ಅಂಕ ನಮ್ಮಿಂದ ಹೋಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.