‘ಅಪ್‌ಗ್ರೇಡ್’ಗೆ ಅವಸರ ಬೇಡ

ಅದು 2025ರ ದೀಪಾವಳಿ. ಕರದಂಟು, ಚಕ್ಕುಲಿ ಡಬ್ಬಿ ತುಂಬಿ ಕೈ ತೊಳೆಯುತ್ತಿದ್ದೆ. ತಾಂಬಾದಿಂದ ವೈನಿ ಫೋನು. ದನಿಯಲ್ಲಿ ಗಾಬರಿ.

‘ತಂಗೀ, ನಮ್ಮ ಕಂಪ್ಯೂಟರ್ ಸತ್ಹೋಗತೈತಂತ. ಪಟ್ಟಣದ ಅಂಗಡಿಯಂವಾ ಹೇಳಿದಾ, ಇನ್ಮ್ಯಾಲೆ ಅದು ಚಾಲೂನ ಆಗೂದಿಲ್ಲಂತ. ಹೊಸಾದಕ್ಕ ನಲವತ್ತೆರಡು ಸಾವಿರ ಆಗತೈತಿ ಅಂದಾನ. ಭಿಶಿ ರೊಕ್ಕ ಕೊಟ್ಟಬಿಡ್ಲಿ?’

ಆ ಭಿಶಿ ರೊಕ್ಕ ಯಾವುದು ಅಂತ ನನಗೆ ಗೊತ್ತು. ಎರಡು ವರ್ಷದಿಂದ ತಿಂಗಳು ತಿಂಗಳು ಕಟ್ಟುತ್ತಾ ಬಂದದ್ದು. ಮಗನ ಪಿಯುಸಿ ಮುಗಿಯುತ್ತಲೇ ಕಾಲೇಜಿನ ಫೀ ಕಟ್ಟಲಿಕ್ಕೆ ಇಟ್ಟ ಹಣ. ‘ವೈನಿ, ಎರಡ ದಿನಾ ತಡೀರಿ. ನಾನು ಬಂದು ನೋಡತೀನಿ’ ಅಂದೆ.

ನಿಮ್ಮ ಮನೆಯ ಕಂಪ್ಯೂಟರ್ ಪರದೆಯ ಮೇಲೂ ಇಂಥ ಸಂದೇಶ ಬಂದಿರಬಹುದು. ‘ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ’ ಅಂತ. ಮಗ ಹೊಸ ಲ್ಯಾಪ್‌ಟಾಪ್ ಅಂತಾನೆ, ಮಗಳು ಟ್ಯಾಬ್ಲೆಟ್ ಅಂತಾಳೆ, ಯಜಮಾನರು ‘ನೀನೇ ನೋಡು’ ಅಂದು ಪೇಪರ್ ಹಿಡಿಯುತ್ತಾರೆ. ಕೊನೆಗೆ ಲೆಕ್ಕ ಹಾಕಬೇಕಾದವರು ನಾವೇ ಅಲ್ವಾ? ಬನ್ನಿ, ಒಂದೊಂದಾಗಿ ನೋಡೋಣ.

ನಿಜವಾಗಿ ಆದದ್ದೇನು?

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಮೈಕ್ರೋಸಾಫ್ಟ್ ಕಂಪನಿ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಹಾಗಂತ ಕಂಪ್ಯೂಟರ್ ಅವತ್ತೇ ನಿಂತುಹೋಗಲಿಲ್ಲ.

ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆ ನೆನಪಿಸಿಕೊಳ್ಳಿ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆ ಮೇಲೆ ಹೊಸ ಮಣ್ಣು ಹಾಕಿ ಸಂದು ಮುಚ್ಚುತ್ತಾರೆ. ಒಂದು ವರ್ಷ ಹಾಕದಿದ್ದರೆ ಮನೆ ಬೀಳುವುದಿಲ್ಲ. ಆದರೆ ಜೋರು ಮಳೆ ಬಂದಾಗ ಎಲ್ಲಿ ಸೋರುತ್ತದೋ ಹೇಳಲಾಗದು. ಆಪರೇಟಿಂಗ್ ಸಿಸ್ಟಮ್ ಕಥೆಯೂ ಹೀಗೇ. ಕಳ್ಳರು ನುಗ್ಗಬಹುದಾದ ಕಿಂಡಿಗಳನ್ನು ಕಂಪನಿ ಅಪ್‌ಡೇಟ್ ಕಳಿಸಿ ಮುಚ್ಚುತ್ತಿರುತ್ತದೆ. ಬೆಂಬಲ ಮುಗಿದ ಮೇಲೆ ಕಿಂಡಿ ಬಿದ್ದರೂ ಮುಚ್ಚುವವರಿಲ್ಲ. ಅಂಥ ಯಂತ್ರದಲ್ಲಿ ಟೈಪು ಮಾಡಬಹುದು, ಹಾಡು ಕೇಳಬಹುದು. ಬ್ಯಾಂಕ್ ವ್ಯವಹಾರ ಮಾತ್ರ ಬೇಡ.

ಅಂಗಡಿಯವನು ಹೇಳದೇ ಬಿಟ್ಟ ಸಂಗತಿ ಇನ್ನೊಂದಿದೆ. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯನ್ನೂ ಕಂಪನಿ ಪ್ರಕಟಿಸಿತ್ತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಚಾಲೂ ಮಾಡಿದರೆ ಇದಕ್ಕೆ ದುಡ್ಡಿಲ್ಲ. ‘ಸೆಟ್ಟಿಂಗ್ಸ್’ ಒಳಗಿನ ‘ವಿಂಡೋಸ್ ಅಪ್‌ಡೇಟ್’ ಪುಟದಲ್ಲಿ ‘ಎನ್‌ರೋಲ್ ನೌ’ ಅಂತ ಕಾಣುತ್ತದೆ. ಅಷ್ಟೇ ಕೆಲಸ. ಹಳೆಯ ಯಂತ್ರವಿದ್ದವರಿಗೆ ಇದು ಯೋಚನೆ ಮಾಡಲು ಸಿಕ್ಕ ಒಂದು ವರ್ಷದ ವಾಯಿದೆ. ಅದಾದ ಮೇಲೆ ಬೇರೆ ದಾರಿ ನೋಡಲೇಬೇಕು.

ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹತ್ತುತ್ತದೆಯೇ?

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಅದಕ್ಕೆ ಕನಿಷ್ಠ 4 ಜಿಬಿ ರ್ಯಾಮ್, 64 ಜಿಬಿ ಜಾಗ ಬೇಕು. ಅದಕ್ಕಿಂತ ಮುಖ್ಯವಾಗಿ ‘ಟಿಪಿಎಂ 2.0’ ಅನ್ನುವ ಭದ್ರತಾ ಚಿಪ್ ಇರಬೇಕು. ಹೀಗಾಗಿ 2018ಕ್ಕಿಂತ ಮೊದಲು ಕೊಂಡ ಬಹುತೇಕ ಯಂತ್ರಗಳು ಇದಕ್ಕೆ ಹೊರಗೇ.

ಕಂಡುಹಿಡಿಯುವುದು ಸುಲಭ. ಬಿಲ್ಲಿನ ಮೇಲೆ ಪ್ರೊಸೆಸರ್ ಹೆಸರು ನೋಡಿ. ಇಂಟೆಲ್ ‘ಐ3-7100’ ಎಂದಿದ್ದರೆ ಅದು 7ನೇ ತಲೆಮಾರು, ಆಗುವುದಿಲ್ಲ. ‘ಐ5-8250’ ಎಂದಿದ್ದರೆ 8ನೇ ತಲೆಮಾರು, ಆಗುತ್ತದೆ. ಬಿಲ್ಲು ಕಳೆದಿದ್ದರೆ ಮೈಕ್ರೋಸಾಫ್ಟ್‌ನವರದೇ ‘ಪಿಸಿ ಹೆಲ್ತ್ ಚೆಕ್’ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ಒಂದು ಬಟನ್ ಒತ್ತಿ. ಹೌದು, ಇಲ್ಲ ಅಂತ ಅದೇ ಹೇಳುತ್ತದೆ. ‘ಹೌದು’ ಅಂದರೆ ಅಪ್‌ಗ್ರೇಡ್ ಪುಕ್ಕಟೆ. ಅದಕ್ಕೆ ಅಂಗಡಿಯವರಿಗೆ ‘ಸಿಡಿ ದುಡ್ಡು’ ಕೊಡಬೇಕಾಗಿಲ್ಲ.

ಮೊದಲು ಗಂಟು ಕಟ್ಟಿಡಿ

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು.

ನಮ್ಮ ಅವ್ವ ತಾಂಬಾದಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳನ್ನು ನಾನು ಮದುವೆಯಾದ ಹೊಸದರಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿಟ್ಟಿದ್ದೆ. ತವರಿಗೆ ಹೋದಾಗೆಲ್ಲ ಬರೆದುಕೊಂಡು ಬಂದು, ಮಧ್ಯಾಹ್ನ ಮಗಳು ಮಲಗಿದಾಗ ಒಂದೊಂದೇ ಟೈಪು ಮಾಡಿದ್ದು. ಒಟ್ಟು ಎಪ್ಪತ್ತು ಪದ. 2020ರ ಜನವರಿಯಲ್ಲಿ ವಿಂಡೋಸ್ 7ರ ಬೆಂಬಲ ಮುಗಿಯಿತು. ಕಂಪ್ಯೂಟರ್ ರಿಪೇರಿಯ ಹುಡುಗ ಮನೆಗೆ ಬಂದ. ‘ಫಾರ್ಮ್ಯಾಟ್ ಮಾಡ್ಲ್ಯಾ ಅಕ್ಕಾರ?’ ಅಂತ ಕೇಳಿದ. ಒಲೆ ಮೇಲೆ ಹಾಲಿತ್ತು. ‘ಹ್ಞೂಂ ಮಾಡಪಾ’ ಅಂದೆ. ಹಾಲು ಉಕ್ಕಲಿಲ್ಲ. ಆದರೆ ಪದಗಳು ಹೋದವು. ಆ ಹುಡುಗನದೇನು ತಪ್ಪು? ಕೇಳಿಯೇ ಮಾಡಿದ್ದ.

ಅಣ್ಣನಿಗೆ ಅಂತ ಒಮ್ಮೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದ ಇಪ್ಪತ್ತಮೂರು ಪದ ಮಾತ್ರ ಉಳಿದವು. ಆ ಪೆನ್‌ಡ್ರೈವ್ ಊರಿನ ಟ್ರಂಕಿನಲ್ಲಿ, ಅವ್ವನ ಇಳಕಲ್ ಸೀರೆ ಮಡಿಕೆಯೊಳಗೆ ಸಿಕ್ಕಿತು. ಉಳಿದ ನಲವತ್ತೇಳನ್ನು ಮತ್ತೆ ಕೇಳಿ ಬರೆದುಕೊಳ್ಳೋಣ ಅಂದರೆ ಅವ್ವ ಹೋಗಿ ಆಗಲೇ ಎರಡು ವರ್ಷ.

ಅದಕ್ಕೇ ಹೇಳುವುದು. ಅಪ್‌ಗ್ರೇಡ್ ಆಗಲಿ, ಫಾರ್ಮ್ಯಾಟ್ ಆಗಲಿ, ಮೊದಲು ಫೋಟೊ, ಕಾಗದಪತ್ರ, ಬರಹ ಎಲ್ಲವನ್ನೂ ಎರಡು ಕಡೆ ನಕಲು ಮಾಡಿ. ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಅಥವಾ ಆನ್‌ಲೈನ್ ಖಾತೆಯಲ್ಲಿ. ನಕಲು ಆಯಿತು ಅಂತ ಸುಮ್ಮನಾಗಬೇಡಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಮೈಕ್ರೋಸಾಫ್ಟ್ ಪುಕ್ಕಟೆ ಕೊಡುವ ಒನ್‌ಡ್ರೈವ್ ಜಾಗ 5 ಜಿಬಿ ಮಾತ್ರ. ಮದುವೆ ಆಲ್ಬಂ ಅದರಲ್ಲಿ ಹಿಡಿಯಲಿಕ್ಕಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಕಡತ ಹೊಸ ಯಂತ್ರದಲ್ಲಿ ತೆರೆದರೆ ಅಕ್ಷರದ ಬದಲು ಹುಳುಬಿದ್ದ ಹಾಗೆ ಏನೇನೋ ಚಿಹ್ನೆ ಕಾಣಬಹುದು. ಹೆದರಬೇಡಿ, ಕಡತ ಕೆಟ್ಟಿಲ್ಲ. ಆ ಫಾಂಟ್ ಹಾಕಿದರೆ ಸರಿಹೋಗುತ್ತದೆ. ಅಷ್ಟಕ್ಕೇ ಬಿಡದೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ. ಮುಂದೆ ಯಾವ ಫೋನು, ಯಾವ ಕಂಪ್ಯೂಟರ್‌ನಲ್ಲೂ ಓದಬಹುದು. ನನ್ನ ಇಪ್ಪತ್ತಮೂರು ಪದ ಈಗ ಹಾಗೆ ಭದ್ರವಾಗಿವೆ.

ಹೊಸದು ಬೇಕೋ, ಹಳೆಯದೇ ಸಾಕೋ?

ಯಂತ್ರ ನಿಧಾನವಾಗಿದೆ ಅಂತ ಬೇಸರವೇ? ಹಲವು ಸಲ ತಪ್ಪು ಹಳೆಯ ಹಾರ್ಡ್‌ಡಿಸ್ಕಿನದು. ಅದನ್ನು ತೆಗೆದು ‘ಎಸ್‌ಎಸ್‌ಡಿ’ ಹಾಕಿಸಿದರೆ ಐದು ನಿಮಿಷ ತಗೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷಕ್ಕೆ ಏಳುತ್ತದೆ. ಆದರೆ ಬೆಲೆ ಎರಡು ಅಂಗಡಿಯಲ್ಲಿ ಕೇಳಿ. ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪ್ಯೂಟರ್ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿದ್ದ ಕಾರಣ 2025ರ ಕೊನೆಯಲ್ಲಿ ರ್ಯಾಮ್ ಬೆಲೆ ಬಹಳ ಏರಿತು.

ಕಂಪ್ಯೂಟರ್‌ನಲ್ಲಿ ಬರೀ ಇಂಟರ್ನೆಟ್, ಪತ್ರ, ಸಿನಿಮಾ ಸಾಕು ಅನ್ನುವವರು ‘ಲಿನಕ್ಸ್’ ನೋಡಬಹುದು. ಉಬುಂಟು, ಲಿನಕ್ಸ್ ಮಿಂಟ್ ಇವೆಲ್ಲ ಉಚಿತ, ಕನ್ನಡವೂ ಬರುತ್ತದೆ. ಆದರೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಇದರಲ್ಲಿ ನೇರವಾಗಿ ನಡೆಯದು. ಯಜಮಾನರ ಅಂಗಡಿ ಲೆಕ್ಕ ಅದರಲ್ಲಿದ್ದರೆ ಈ ದಾರಿ ಬೇಡ.

ನಮ್ಮ ರಾಜ್ಯದ್ದೇ ಒಂದು ಹೊಸ ಕಂಪ್ಯೂಟರ್ ಬಂದದ್ದು ನೀವು ಕೇಳಿರಬಹುದು. 2025ರ ನವೆಂಬರ್‌ನಲ್ಲಿ, ಬೆಂಗಳೂರು ಟೆಕ್ ಸಮ್ಮಿಟ್ ಹೊತ್ತಿಗೆ ಕಿಯೋನಿಕ್ಸ್ ಪ್ರಕಟಿಸಿದ ‘ಕಿಯೋ’. ಬೆಲೆ 18,999 ರೂಪಾಯಿ ಎಂದು ಹೇಳಿದರು. ಪುಟ್ಟ ಡಬ್ಬಿಯಂಥ ಯಂತ್ರ, ಲಿನಕ್ಸ್ ಮೇಲೆ ನಡೆಯುತ್ತದೆ. ಮಕ್ಕಳ ಪಾಠಕ್ಕೆ ನಮ್ಮ ರಾಜ್ಯದ ಪಠ್ಯಕ್ರಮ ತಿಳಿದಿರುವ ‘ಬುದ್ಧ್’ ಎಂಬ ಸಹಾಯಕನೂ ಇದೆ. ಇದು ಲ್ಯಾಪ್‌ಟಾಪ್ ಅಲ್ಲ. ಟಿವಿಗೋ ಮಾನಿಟರ್‌ಗೋ ಜೋಡಿಸಬೇಕು. ಕೊಳ್ಳುವಾಗ ಕೀಬೋರ್ಡ್, ಮೌಸ್ ಬೆಲೆಯಲ್ಲಿ ಸೇರಿದೆಯೇ, ರಿಪೇರಿ ನಮ್ಮ ಊರಲ್ಲಿ ಆಗುತ್ತದೆಯೇ ಅಂತ ಕೇಳಿಕೊಳ್ಳಿ.

ಟ್ಯಾಬ್ಲೆಟ್ ಬಗ್ಗೆ

ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್ ಕನಸು ಕನ್ನಡ ನಾಡಿಗೆ ಹಳೆಯದು. ಬೆಂಗಳೂರಿನವರು ರೂಪಿಸಿದ ‘ಸಿಂಪ್ಯೂಟರ್’ 2004ರಲ್ಲೇ ಮಾರುಕಟ್ಟೆಗೆ ಬಂತು, ಆದರೆ ಮನೆಮನೆ ತಲುಪಲಿಲ್ಲ. 2011ರಲ್ಲಿ ದೆಹಲಿಯಲ್ಲಿ ‘ಆಕಾಶ್’ ಟ್ಯಾಬ್ಲೆಟ್ ಬಂದಾಗ ಎಷ್ಟು ಗದ್ದಲ! ಕೈಗೆ ಬಂದ ಮೇಲೆ ನಿಧಾನ, ಬ್ಯಾಟರಿ ನಿಲ್ಲುವುದಿಲ್ಲ ಅಂತ ದೂರು. ಅಗ್ಗ ಅಂದಮಾತ್ರಕ್ಕೆ ಅಗ್ಗವಲ್ಲ ಅನ್ನುವುದು ಇದರ ಪಾಠ.

ಟ್ಯಾಬ್ಲೆಟ್ ಓದಲಿಕ್ಕೆ, ಪಾಠ ನೋಡಲಿಕ್ಕೆ ಚೆನ್ನ. ಪ್ರಾಜೆಕ್ಟ್ ಟೈಪು ಮಾಡಲಿಕ್ಕೆ ಕಷ್ಟ. ಕೊಳ್ಳುವಾಗ ಒಂದೇ ಪ್ರಶ್ನೆ ಗಟ್ಟಿಯಾಗಿ ಕೇಳಿ: ‘ಇದಕ್ಕೆ ಇನ್ನೂ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ?’ ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗಂತೂ ಇದು ಮುಖ್ಯ. 2019ರ ಏಳನೇ ತಲೆಮಾರಿನ ಐಪ್ಯಾಡ್ ನೋಡಲು ಇನ್ನೂ ಹೊಸದರಂತೆಯೇ ಇರುತ್ತದೆ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಪ್ಯಾಡ್ ಓಎಸ್ 26 ಅದಕ್ಕೆ ಸಿಗಲಿಲ್ಲ.

ನೆನಪಿನಲ್ಲಿಡಿ

* ‘ಜಿಎಸ್‌ಟಿ ಇಳಿದಿದೆ, ಈಗಲೇ ತಗೊಳ್ಳಿ’ ಅಂದರೆ ನಂಬಬೇಡಿ. 2025ರ ಸೆಪ್ಟೆಂಬರ್ 22ರ ತೆರಿಗೆ ಇಳಿಕೆಯಲ್ಲಿ ಲ್ಯಾಪ್‌ಟಾಪ್ ಸೇರಿರಲಿಲ್ಲ. ಮೊದಲೂ ಶೇ 18, ಆಮೇಲೂ ಶೇ 18.

* ಹೊಸ ಲ್ಯಾಪ್‌ಟಾಪ್‌ಗೆ 8 ಜಿಬಿ ರ್ಯಾಮ್, ಎಸ್‌ಎಸ್‌ಡಿ ಇರಲಿ. 4 ಜಿಬಿ ಅಂದರೆ ಬೇಗ ಮತ್ತೆ ಅಂಗಡಿಗೆ.

* ‘ಮೈಕ್ರೋಸಾಫ್ಟ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ’ ಅಂತ ಫೋನ್ ಬಂದರೆ ಇಟ್ಟುಬಿಡಿ. ಅವರು ಹೇಳಿದ ಆ್ಯಪ್ ಹಾಕಲೇಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

* ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ನಿಮ್ಮ ಖಾತೆಗಳಿಂದ ಹೊರಬಂದು, ನಕಲು ಮಾಡಿಕೊಂಡು, ಎಲ್ಲವನ್ನೂ ಅಳಿಸಿ.

* ಕೆಟ್ಟ ಯಂತ್ರವನ್ನು ಮೋಡಕಾದವರಿಗೆ ಹಾಕಬೇಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ವೈನಿಯ ಕಂಪ್ಯೂಟರ್ ಏನಾಯಿತು ಅಂತೀರಾ? ಅದು 2016ರದು, ವಿಂಡೋಸ್ 11 ಹತ್ತಲಿಲ್ಲ. ಮೊದಲು ಸಂಘದ ಲೆಕ್ಕಪತ್ರ, ಮಕ್ಕಳ ಫೋಟೊ ಎಲ್ಲ ನಕಲು ಮಾಡಿದೆವು. ಆಮೇಲೆ ಪುಕ್ಕಟೆ ಅಪ್‌ಡೇಟ್ ಯೋಜನೆಗೆ ಸೇರಿಸಿ ಎಸ್‌ಎಸ್‌ಡಿ ಹಾಕಿಸಿದೆವು. ಅವಧಿ ಮುಗಿದ ಮೇಲೆ ಲಿನಕ್ಸ್ ಹಾಕುವುದು ಅಂತ ಮಾತಾಯಿತು. ಸಂಘದ ಲೆಕ್ಕಕ್ಕೆ ಅಷ್ಟು ಸಾಕು. ಮುಂದೆ ಮಗನ ಕಾಲೇಜಿಗೆ ಲ್ಯಾಪ್‌ಟಾಪ್ ಬೇಕೇ ಬೇಕು ಅಂದರೆ, ಅವನ ಕೋರ್ಸ್ ಯಾವುದು ಅಂತ ತಿಳಿದ ಮೇಲೆ ಅದಕ್ಕೆ ತಕ್ಕದ್ದು ನೋಡಿದರಾಯಿತು.

ಭಿಶಿ ರೊಕ್ಕ ಇದ್ದಲ್ಲೇ ಇದೆ. ‘ಹೊಸಾದು ಬರತಾನ ಇರತಾವು ತಂಗೀ, ನಮಗ ಬೇಕಾದಾಗ ನಾವು ತಗೊಂಡ್ರಾತು’ ಅಂದರು ವೈನಿ, ಚಹಾ ಸೋಸುತ್ತಾ. ಬರುವಾಗ ನನ್ನ ಪೆನ್‌ಡ್ರೈವನ್ನು ಮತ್ತೆ ಅದೇ ಟ್ರಂಕಿನಲ್ಲಿ ಇಟ್ಟು ಬಂದೆ. ಒಂದು ನಕಲು ಅಲ್ಲಿರಲಿ.